ಗುಂಡಿಗಿಡದ ಪಾಪ

ಕೂನೂರು
2 ಜೂನ್ 2024

ಇತ್ತಲಾರಿನ ಮಹಾಜನಗಳೇ! ಟೀ ಎಲೆಯ ಮೂಟೆ ಇಳಿಸಿ ಗಿರಿಧರನ್ ಮನೆಯ ಜಗುಲಿಯಲ್ಲಿ ಕೂತ ಹಿರಿಯರೇ, ತಾಯಂದಿರೇ, ಹಿಂದಿನ ಸಾಲಿನಲ್ಲಿ ನಿಂತು ಕತ್ತು ಉದ್ದ ಮಾಡುತ್ತಿರುವ ತಮ್ಮಂದಿರೇ! ಕೆಮ್ಮುವವರು ಈಗಲೇ ಕೆಮ್ಮಿಕೊಳ್ಳಿ. ನಿಮ್ಮ ಹಟ್ಟಿಯಲ್ಲೇ ಹುಟ್ಟಿ, ನಿಮ್ಮ ಹಟ್ಟಿಯ ನಾಟಕಗಳಲ್ಲಿ ನಲವತ್ತು ವರ್ಷ ರಾಜನಾಗಿ ಗುಡುಗಿದ ಧರ್ಮಲಿಂಗಂ ಕೂನೂರಿನಿಂದ ಮಾತಾಡುತ್ತಿದ್ದೇನೆ!

ಏ ಗಿರಿಧರಾ, ನಿನ್ನ ಸರದಿ ಆಮೇಲೆ. ನಿನ್ನ ಕಣ್ಣಿಗೆ ಅಕ್ಷರ ಹತ್ತುವುದಿಲ್ಲ. ಪತ್ರ ಬಂದರೆ ಸೊಸೆ ನಿವೇತಾ ಓದಬೇಕು, ಅವಳು ಓದಿದರೆ ಅರ್ಧ ಹಟ್ಟಿ ಸೇರುತ್ತದೆ. ಅದಕ್ಕೇ ಫೋನು ಬಿಟ್ಟು ಪೆನ್ನು ಹಿಡಿದೆ. ಫೋನಾದರೆ ನೀನು ಅರ್ಧದಲ್ಲಿ ಇಟ್ಟುಬಿಡುತ್ತೀ. ಪತ್ರವನ್ನು ಅರ್ಧಕ್ಕೆ ನಿಲ್ಲಿಸಲು ಈ ಸಭೆ ಬಿಡುವುದಿಲ್ಲ. ನಿವೇತಾ, ನನ್ನಮ್ಮಾ, ಒಂದು ಅಕ್ಷರವನ್ನೂ ನುಂಗಬೇಡ.

ಮಹಾಜನಗಳೇ, ನನ್ನ ಅರಮನೆ ಎಂಟಡಿಗೆ ಹತ್ತಡಿ. ಒಂದು ಮೂಲೆಯಲ್ಲಿ ಸ್ಟೌ, ಒಂದು ಮೂಲೆಯಲ್ಲಿ ಮಂಚ, ಹಲಗೆಯ ಗೋಡೆಯ ಆಚೆ ಟೈಲರ್ ರಾಜಾಮಣಿ. (ನಾನು ಬರೆಯುವುದನ್ನೆಲ್ಲಾ ಬಾಯಲ್ಲಿ ಹೇಳಿಕೊಂಡೇ ಬರೆಯುವವನು. ಈಗ ಅವನ ಮಿಷನ್ನಿನ ಸದ್ದು ನಿಂತಿದೆ. ಕೇಳುತ್ತಿದ್ದಾನೆ, ಕೇಳಲಿ.) ಇರುವ ಒಂದೇ ಕಿಟಕಿಯ ಕಂಬಿಗೆ, ಹಳೆಯ ಛತ್ರಿಯ ತಂತಿಯಲ್ಲಿ, ಗೇಣುದ್ದದ ಒಂದು ತೊಗಟೆ ತೂಗುತ್ತಿದೆ. ಆ ತೊಗಟೆಯ ಮೇಲೆ ನನ್ನ ಸಂಸಾರ. ಅಂಗಿಯ ಗುಂಡಿಯಷ್ಟೇ ಅಗಲ, ಗುಂಡಿಯಷ್ಟೇ ಚಪ್ಪಟೆಯಾದ ಗೆಡ್ಡೆಗಳು. ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಒಂದೊಂದು ಗೆಡ್ಡೆಗೆ ಎರಡೇ ಎಲೆ. ವರ್ಷಕ್ಕೊಮ್ಮೆ, ಮುಂಗಾರಿನ ಮೊದಲ ಹನಿ ಬಿದ್ದಾಗ, ಎಲೆ ಬಿಚ್ಚುವ ಮುಂಚೆ, ಕಿರುಬೆರಳಿನ ಉಗುರಿನಷ್ಟು ಬಿಳಿ ಹೂ. ಪುಸ್ತಕದವರು ಇದಕ್ಕೆ ಆರ್ಕಿಡ್ ಎಂದು ಏನೇನೋ ಉದ್ದ ಹೆಸರು ಇಟ್ಟಿರಬಹುದು. ನಾನಿಟ್ಟ ಹೆಸರು ಗುಂಡಿಗಿಡ.

ಎಸ್ಟೇಟು ರಸ್ತೆಯಲ್ಲಿ ಗಾಳಿಗೆ ಮುರಿದುಬಿದ್ದ ಕೊಂಬೆಯ ಮೇಲೆ, ಲಾರಿಯ ಚಕ್ರಕ್ಕೆ ಇನ್ನು ನಾಲ್ಕು ಮಾರು ಇದೆ ಎನ್ನುವಾಗ, ಓಡಿ ಹೋಗಿ ಎತ್ತಿಕೊಂಡವನು ನಾನು! ಕಿವಿಗೆ ಔಷಧಿ ಬಿಡುವ ಡ್ರಾಪರಿನಲ್ಲಿ ಒಂಬತ್ತು ವರ್ಷ ನೀರುಣಿಸಿದವನು ನಾನು! ಅನ್ನ ಬೇಯುವ ಹಬೆ ಅದಕ್ಕೆ ಸಾಕೋ ಸಾಲದೋ ಎಂದು ಸ್ಟೌವನ್ನು ಮೂಲೆಯಿಂದ ಮೂಲೆಗೆ ಹೊತ್ತವನು ನಾನು!

ಈ ಗಿರಿಧರನ್ ಏಪ್ರಿಲ್ ಕೊನೆಯಲ್ಲಿ ಕಣ್ಣಿನ ಆಪರೇಷನ್ನಿಗೆಂದು ಬಂದ. ನನ್ನ ಮಂಚ ಅವನಿಗೆ ಕೊಟ್ಟು ನಾನು ನೆಲದಲ್ಲಿ ಮಲಗಿದೆ. ಹನ್ನೆರಡು ದಿನ ಗಂಜಿ ಕಾಸಿದೆ. ಹೋದ. ಹೋದ ಮೇಲೆ ನೋಡುತ್ತೇನೆ, ತೊಗಟೆ ಅರ್ಧಕ್ಕೆ ಕೊಯ್ದಿದೆ! ನನ್ನ ಶೇವಿಂಗ್ ಬ್ಲೇಡಿನಲ್ಲೇ!

ಅದನ್ನೂ ನುಂಗುತ್ತಿದ್ದೆ. ಆದರೆ ಮೇ ತಿಂಗಳ ಕೊನೆಯ ಭಾನುವಾರ, ನಮ್ಮ ಬೀದಿಯ ಹೂ ಬೆಳೆಗಾರರ ಸಂಘದ ಪ್ರದರ್ಶನದಲ್ಲಿ, ವೇದಿಕೆಯ ಮೇಲೆ ಯಾರು? ಕಪ್ಪು ಕನ್ನಡಕ, ಶಾಲು, ಕೈಯಲ್ಲಿ ಕಪ್. ‘ಗಾಳಿಗೆ ಮುರಿದ ಕೊಂಬೆ... ಲಾರಿ ಬರುತ್ತಿದೆ... ನಾಲ್ಕೇ ಮಾರು...’ ನನ್ನ ಕಥೆ! ನನ್ನ ಏರಿಳಿತ! ನಾನು ಉಸಿರು ನಿಲ್ಲಿಸುವ ಕಡೆ ಅವನೂ ನಿಲ್ಲಿಸಿದ. ಸಭೆ ಚಪ್ಪಾಳೆ ತಟ್ಟಿತು. ಹೇಳಲು ನಾಚಿಕೆ, ನನ್ನ ಕೈಯೂ ತಟ್ಟಿತು. ಆ ಉರಿ ಇನ್ನೂ ಆರಿಲ್ಲ.

ಗಿರಿಧರಾ, ಗಿಡ ಕದ್ದದ್ದನ್ನು ಮರೆತೇನು, ಕಥೆ ಕದ್ದದ್ದನ್ನು ಮರೆಯಲಾರೆ. ಆದರೆ ಕೇಳು. ನೀನು ಕದ್ದದ್ದು ಕಥೆಯ ಅರ್ಧ. ಉಳಿದರ್ಧವನ್ನು ನಾನು ಯಾರಿಗೂ ಹೇಳಿಲ್ಲ. ನವೆಂಬರಿನಲ್ಲಿ ನಿನಗೆ ಗೊತ್ತಾಗುತ್ತದೆ. ಆಗ ನನ್ನ ಕಾಲಿಗೆ ಬೀಳಲು ಬರುತ್ತೀ. ಬಾಗಿಲು ತೆರೆಯುವುದಿಲ್ಲ.

ಇಂತು, ಗುಡುಗುತ್ತಾ,
ಧರ್ಮಲಿಂಗಂ


ಇತ್ತಲಾರ್
19 ಜೂನ್ 2024

ಧರ್ಮಾ,

ಬರೆಯುತ್ತಿರುವವಳು ನಿವೇತಾ, ಹೇಳುತ್ತಿರುವವನು ನಾನು. ನಿನ್ನ ಪತ್ರವನ್ನು ಎರಡು ಸಲ ಓದಿಸಿದೆವು. ಎರಡನೇ ಸಲ ಕೇಳಲು ಮೇಲಿನ ಬೀದಿಯವರೂ ಬಂದಿದ್ದರು. ನಂಜಿ ಅಜ್ಜಿ ನಿನ್ನ ಗಂಜಿಯ ಭಾಗಕ್ಕೆ ಕಣ್ಣೀರು ಹಾಕಿದಳು. ಗಂಜಿಗೆ ಉಪ್ಪೇ ಇರಲಿಲ್ಲ ಎಂದು ನಾನು ಹೇಳಿದ ಮೇಲೆ ನಿಲ್ಲಿಸಿದಳು.

ಕದ್ದೆ. ಇಲ್ಲ ಎನ್ನುವುದಿಲ್ಲ. (ಮಾಮ ಇಲ್ಲಿ ನಕ್ಕರು. ಅದನ್ನೂ ಬರೆ ಎಂದರು.)

ನಲವತ್ತು ವರ್ಷ ನೀನು ರಾಜ. ನಾನು? ನಿನ್ನ ರಾಣಿ. ಮೀಸೆ ಬೋಳಿಸಿ, ಅಕ್ಕನ ಸೀರೆ ಉಟ್ಟು. ಮೂರನೇ ಅಂಕದಲ್ಲಿ ನೀನು ಜೇನಿನಂಥ ಮಾತಾಡಿ ಹಾಲಿನಲ್ಲಿ ವಿಷ ಕೊಡುತ್ತೀ, ನಾನು ಸಾಯುತ್ತೇನೆ. ಆಮೇಲೆ ನನ್ನ ಹೆಣದ ಪಕ್ಕ ನಿಂತು ನೀನು ಅಳುತ್ತೀ. ಒಂದು ಪುಟ ಅಳುತ್ತೀ. ಚಪ್ಪಾಳೆಯೆಲ್ಲಾ ಆಗ ಬೀಳುತ್ತಿತ್ತು. ನಾನು ಕಣ್ಣು ಮುಚ್ಚಿ, ಇರುವೆ ಕಚ್ಚಿದರೂ ಅಲ್ಲಾಡದೆ, ನಿನ್ನ ಚಪ್ಪಾಳೆ ಕೇಳಿಸಿಕೊಂಡು ಮಲಗಿರುತ್ತಿದ್ದೆ. ಒಂದು ಸಲ ಎದ್ದು ನಿಂತು ಕೇಳಬೇಕೆನ್ನಿಸಿತು. ಕೇಳಿದೆ. ಚೆನ್ನಾಗಿತ್ತು.

ಕಪ್ ಬೇಕಾದರೆ ಬಂದು ತೆಗೆದುಕೋ. ನಿವೇತಾ ಅದರಲ್ಲಿ ಸಕ್ಕರೆ ಹಾಕಿಟ್ಟಿದ್ದಾಳೆ. ಗಿಡ ಕೊಡುವುದಿಲ್ಲ. ನನ್ನ ಅಡುಗೆಮನೆಯ ಕಿಟಕಿಯಲ್ಲಿ ಸೊಗಸಾಗಿ ಎಲೆ ಬಿಟ್ಟಿದೆ, ನಿನ್ನ ಕೋಣೆಯ ಬೀಡಿ ವಾಸನೆ ಇಲ್ಲದೆ ಇನ್ನೂ ದಪ್ಪವಾಗಿದೆ.

ಏನು ಮಾಡಿಕೊಳ್ಳುತ್ತೀ ಮಾಡಿಕೋ. ಹೇಗೂ ನಾನು ಸತ್ತರೆ ಪಾಪ ಹೇಳುವವನು ನೀನೇ. ಆಗಲೂ ನಾನು ಮಲಗಿರುತ್ತೇನೆ, ನೀನು ನಿಂತು ಗುಡುಗುತ್ತಿರುತ್ತೀ.

ಗಿರಿಧರನ್


ಕೂನೂರು
27 ಜೂನ್ 2024

ಮಹಾಜನಗಳೇ, ಮತ್ತೆ ಸೇರಿದಿರಾ? ಸೇರಿ. ಈ ದಿನದ ಪ್ರಸಂಗ ಬೇರೆಯೇ ಇದೆ.

ಗಿರಿಧರಾ, ಕತ್ತಿಯನ್ನು ನೀನೇ ಕೈಗಿತ್ತೆ! ಹೌದು, ನಮ್ಮ ಹಟ್ಟಿಯಲ್ಲಿ ಯಾರು ಕಣ್ಣು ಮುಚ್ಚಿದರೂ ಅವರ ಮುಂದೆ ನಿಂತು ಪಾಪಗಳನ್ನು ಕೂಗಿ ಹೇಳುವವನು ನಾನು. ಹಾವು ಕೊಂದ ಪಾಪ. ಹಲ್ಲಿ ಕೊಂದ ಪಾಪ. ಗಡಿಕಲ್ಲು ಸರಿಸಿದ ಪಾಪ. ಅತ್ತಿಗೆಯನ್ನು ನೋಯಿಸಿದ ಪಾಪ. ಒಂದೊಂದಕ್ಕೂ ನೀವೆಲ್ಲಾ ‘ಪಾಪ’ ಎನ್ನುತ್ತೀರಿ. ಸತ್ತವರು ಅದನ್ನು ಮಾಡಿರಲಿ ಬಿಡಲಿ, ನನ್ನ ತಾಯಿಗೂ ಅದೇ ಪಟ್ಟಿ, ಜೈಲಿಗೆ ಹೋಗಿಬಂದ ಜೋಗಿಗೂ ಅದೇ ಪಟ್ಟಿ. ಯಾರೊಬ್ಬರ ಸ್ವಂತ ಪಾಪವನ್ನೂ ಇದುವರೆಗೆ ಯಾರೂ ಹೆಸರಿಟ್ಟು ಹೇಳಿಲ್ಲ. ಅದು ಆ ಪಟ್ಟಿಯ ದೊಡ್ಡ ಗುಣ.

ನಾನು ಹೇಳುತ್ತೇನೆ!

ನಿನ್ನನ್ನು ಮಲಗಿಸಿದ ದಿನ, ಹದಿನಾಲ್ಕು ಊರಿನ ಜನ ನೆರೆದಿರುವಾಗ, ಗಡಿಕಲ್ಲಿನ ಪಾಪ ಮುಗಿದ ಮೇಲೆ ಉಸಿರೆಳೆದು ಒಂದು ಸಾಲು ಸೇರಿಸುತ್ತೇನೆ: ‘ಮಂಚ ಬಿಟ್ಟುಕೊಟ್ಟ ಗೆಳೆಯನ ಗುಂಡಿಗಿಡವನ್ನು ಅವನದೇ ಬ್ಲೇಡಿನಲ್ಲಿ ಕೊಯ್ದು ಕದ್ದ ಪಾಪ!’ ಇಡೀ ಸಭೆ ‘ಪಾಪ’ ಎನ್ನಬೇಕು. ನಿನ್ನ ಮೊಮ್ಮಕ್ಕಳೂ ಎನ್ನಬೇಕು. ನೀನು ಎದ್ದು ಉತ್ತರ ಕೊಡಲಾಗುವುದಿಲ್ಲ. ಹೆಣದ ಪಾತ್ರ ನಿನಗೆ ರೂಢಿಯಲ್ಲವೇ?

ಅದಕ್ಕಾಗಿಯಾದರೂ ನಾನು ನಿನಗಿಂತ ಒಂದು ದಿನ ಹೆಚ್ಚು ಬದುಕುತ್ತೇನೆ. ಬೀಡಿ ಬಿಟ್ಟೆ. ಇಂದಿನಿಂದ.

ಧರ್ಮಲಿಂಗಂ


ಇತ್ತಲಾರ್
24 ನವೆಂಬರ್ 2024

ದೊಡ್ಡ ಮಾಮನಿಗೆ ನಿವೇತಾ ಮಾಡುವ ನಮಸ್ಕಾರ.

ಈ ಪತ್ರ ಮಾಮ ಹೇಳಿಸಿದ್ದಲ್ಲ. ಅವರಿಗೆ ಗೊತ್ತೂ ಇಲ್ಲ. ನಾನೇ ಬರೆಯುತ್ತಿದ್ದೇನೆ.

ಗುಂಡಿಗಿಡದ ಎಲೆಗಳು ದೀಪಾವಳಿ ಕಳೆದ ಮೇಲೆ ಹಳದಿಯಾದವು. ಈಗ ಒಂದೊಂದೇ ಉದುರುತ್ತಿವೆ. ಮುಟ್ಟಿದರೆ ಕೈಗೆ ಬರುತ್ತವೆ. ಗೆಡ್ಡೆಗಳು ಸುಕ್ಕಾಗಿವೆ. ನಿನ್ನೆಗೆ ಮೂರೇ ಎಲೆ ಉಳಿದಿದ್ದವು.

ಮಾಮನಿಗೆ ಅಕ್ಟೋಬರಿನಿಂದ ಮೈ ಸರಿಯಿಲ್ಲ. ಎದೆಯಲ್ಲಿ ನೀರು ಸೇರಿದೆ ಎಂದರು ಊಟಿಯ ಡಾಕ್ಟರು. ಎರಡು ಸಲ ತೆಗೆಸಿ ಬಂದೆವು. ಅದಕ್ಕೆ ಅವರು ಹೆದರಿಲ್ಲ. ಆದರೆ ಎಲೆ ಉದುರಿದ ದಿನ ಊಟ ಬಿಟ್ಟರು. ಅಡುಗೆಮನೆಯಲ್ಲಿ ಸ್ಟೂಲು ಹಾಕಿಕೊಂಡು ಕಿಟಕಿಯ ಮುಂದೆಯೇ ಕೂತಿರುತ್ತಾರೆ. ‘ಅದು ಹೋದ ಮೇಲೆ ನಾನೂ ಹೋಗ್ತೀನಿ ಕೂಸೇ’ ಅಂತಾರೆ. ನಿಮಗೆ ಹೇಳೋಣ ಅಂದರೆ, ‘ಅವನನ್ನ ಕೇಳೋದಕ್ಕಿಂತ ಸಾಯೋದು ಸಲೀಸು’ ಅಂತಾರೆ.

ನವೆಂಬರಿನಲ್ಲಿ ಗೊತ್ತಾಗುತ್ತದೆ ಎಂದು ನೀವು ಬರೆದಿದ್ದಿರಿ. ಏನು ಎಂದು ನನಗಾದರೂ ಹೇಳಿ. ನೀರು ಹೆಚ್ಚು ಹಾಕಬೇಕೋ, ಕಡಿಮೆಯೋ? ನಿಮ್ಮ ಜಗಳ ನಿಮ್ಮಲ್ಲಿರಲಿ. ಈ ಗಿಡ ಉಳಿಸುವುದು ಹೇಗೆ, ಅಷ್ಟು ಹೇಳಿ.

ನಿಮ್ಮ
ನಿವೇತಾ


ಕೂನೂರು
28 ನವೆಂಬರ್ 2024

ಪ್ರೀತಿಯ ನಿವೇತಾಳಿಗೆ, ಬಂಗಾರದಂಥ ನನ್ನ ಮಗಳಿಗೆ,

ನಿನ್ನ ಪತ್ರ ಕಂಡು ನನ್ನ ಹೃದಯವು ಬೆಣ್ಣೆಯಂತೆ ಕರಗಿತು. ಹಳೆಯ ಕೋಪವೆಲ್ಲಾ ಮಂಜಿನಂತೆ ಹರಿಯಿತು. ಪಾಪ, ಆ ಪುಟ್ಟ ಗಿಡಕ್ಕೆ ಬಾಯಾರಿಕೆ, ಬೇರೇನೂ ಅಲ್ಲ! ಈ ಒಣಗಾಳಿಯಲ್ಲಿ ಯಾರಿಗೆ ತಾನೇ ಬಾಯಾರುವುದಿಲ್ಲ?

ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ತೊಗಟೆ ತೊಟ್ಟಿಕ್ಕುವಂತೆ ನೀರುಣಿಸು ತಾಯೀ. ಹಾಲಿನ ಪಾತ್ರೆ ತೊಳೆದ ನೀರಾದರೆ ಅಮೃತಕ್ಕೆ ಸಮಾನ. ಆಮೇಲೆ ಗಾಜಿನ ಭರಣಿಯೊಳಗಿಟ್ಟು, ಚಳಿ ತಾಗದಂತೆ ಬಾಯಿ ಮುಚ್ಚಿ, ಒಲೆಯ ಬಳಿ ಇರಿಸು. ಒಂದು ಹೊತ್ತೂ ತಪ್ಪಿಸಬೇಡ. ನಿನ್ನ ಮಾಮನಿಗೆ ಹೇಳು, ಧರ್ಮ ಎಲ್ಲವನ್ನೂ ಮರೆತನೆಂದು.

ಸದಾ ನಿನ್ನ ಹಿತವನ್ನೇ ಬಯಸುವ,
ಧರ್ಮಲಿಂಗ ಮಾಮ


ಕೂನೂರು
29 ನವೆಂಬರ್ 2024

ಮಂಜೂರಿನಲ್ಲಿರುವ ಕಾಳಿಯಮ್ಮ ಅಕ್ಕನಿಗೆ ತಮ್ಮ ಧರ್ಮಲಿಂಗಂ ತಲೆಬಾಗಿ ಬರೆಯುವುದು.

ಅಕ್ಕಾ, ಗೆದ್ದೆ! ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ, ನಿನಗೆ ಹೇಳುತ್ತೇನೆ.

ಗುಂಡಿಗಿಡ ಚಳಿಗಾಲದಲ್ಲಿ ಮಲಗುವ ಗಿಡ. ಕಾರ್ತಿಕದಲ್ಲಿ ಎಲೆ ಕಳಚಿ ಗೆಡ್ಡೆಯೊಳಗೆ ಜೀವ ಎಳೆದುಕೊಳ್ಳುತ್ತದೆ. ಐದು ತಿಂಗಳು ಸತ್ತಂತೆ ಇರುತ್ತದೆ. ಆಗ ಅದಕ್ಕೆ ಒಂದು ತೊಟ್ಟು ನೀರೂ ಕೂಡದು. ತಣ್ಣನೆಯ ಗಾಳಿ ಬೇಕು, ಬೆಳಕು ಬೇಕು, ಅಷ್ಟೇ. ಮಲಗಿದ್ದಾಗ ನೀರು ಬಿದ್ದರೆ ವಾರದೊಳಗೆ ಕೊಳೆತು ಕಪ್ಪು ಲೋಳೆ. ಮೊದಲ ವರ್ಷ ನನಗೂ ಗೊತ್ತಿರಲಿಲ್ಲ. ನೀರು ಹಾಕಲು ಹೋದವನು ಗೆಡ್ಡೆಯನ್ನು ಬೆರಳಲ್ಲಿ ಒತ್ತಿ ನೋಡಿದೆ. ಟೀ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಎಲೆ ಬಾಡಿಸಿದ ಕೈ ಇದು. ಮುಷ್ಟಿಯಲ್ಲಿ ಹಿಸುಕಿದರೆ ಎಲೆ ಎಷ್ಟು ಬಾಡಿದೆ ಎಂದು ಕೈಗೇ ತಿಳಿಯುತ್ತದೆ. ‘ಬಾಡಿದೆ, ಸತ್ತಿಲ್ಲ’ ಎಂದಿತು ಕೈ. ಅಂದೇ ನೀರು ನಿಲ್ಲಿಸಿದೆ. ಕಥೆಯ ಉಳಿದರ್ಧ ಇದೇ.

ಗಿರಿಧರನ ಸೊಸೆ ಉಪಾಯ ಕೇಳಿ ಬರೆದಿದ್ದಳು. ದಿನಕ್ಕೆರಡು ಸಲ ನೀರು ಹಾಕು ಎಂದೆ! ಬರೆಯುವಾಗ ಎಂಥ ದನಿ ಬಂತು ಅಕ್ಕಾ, ಮೂರನೇ ಅಂಕದ ಹಾಲಿನ ಬಟ್ಟಲಿನ ಮಾತಿಗೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಸಂತೋಷಕ್ಕೆ ನಾಲ್ಕು ಸಲ ಗಟ್ಟಿಯಾಗಿ ಓದಿಕೊಂಡೆ.

ತಮ್ಮ
ಧರ್ಮಲಿಂಗಂ


ಮಂಜೂರು
5 ಡಿಸೆಂಬರ್ 2024

ತಮ್ಮಾ,

ನಿನ್ನ ಪತ್ರ ಜೀವಿತಾ ಕೈಲಿ ಓದಿಸಿದೆ. ಓದಿ ಮುಗಿಸಿ ಮೊಮ್ಮಗಳು ನನ್ನ ಮುಖ ನೋಡಿದಳು. ‘ಅಜ್ಜಿ, ಅಜ್ಜನಿಗೆ ಪೈತ್ಯವಾ, ತಲೆ ಕೆಟ್ಟಿದೆಯಾ?’ ಅಂದಳು. ಇಲ್ಲ ಅಂದೆ, ನಾಟಕ ಅಂದೆ.

ಅದೇನು ಗೆದ್ದೆ ನೀನು? ಆ ಗಿಡ ನಿನ್ನ ಗಿಡವೇ ಅಲ್ಲವೇನೋ? ಅವನ ಮನೇಲಿದ್ದರೂ ನೀನು ಸಾಕಿದ್ದಲ್ಲವೇನೋ? ಸ್ವಂತ ಕೂಸಿಗೆ ವಿಷ ಹಾಕಿಸಿ ಊರಿಗೆ ಪತ್ರ ಬರೀತೀಯ. ಅರವತ್ತೇಳಾಯಿತು ನಿನಗೆ.

ಚಳಿ ಜಾಸ್ತಿ ಇದೆ. ಎದೆಗೆ ಬಟ್ಟೆ ಸುತ್ತಿಕೋ.

ಕಾಳಿಯಮ್ಮ


ಇತ್ತಲಾರ್
14 ಜನವರಿ 2025

ಧರ್ಮಾ,

ನೀನು ನಿವೇತಾಳಿಗೆ ಬರೆದ ಸಿಹಿ ಪತ್ರ ನನಗೆ ಸಿಕ್ಕಿತು. ಪಾಪ, ಹುಡುಗಿ ಒಂದು ಕೈಯಲ್ಲಿ ಹಾಲಿನ ಪಾತ್ರೆ, ಒಂದು ಕೈಯಲ್ಲಿ ಭರಣಿ ಹಿಡಿದು ನಿಂತಿದ್ದಳು. ಏನಮ್ಮಾ ಇದು ಎಂದೆ. ಪತ್ರ ತೆಗೆದು ಓದಿದಳು. ‘ಹೃದಯವು ಬೆಣ್ಣೆಯಂತೆ’ ಎಂಬಲ್ಲಿಗೆ ಬರುತ್ತಲೇ ‘ನಿಲ್ಲಿಸು, ಪಾತ್ರೆ ಕೆಳಗಿಡು!’ ಎಂದು ಕೂಗಿದೆ.

ಲೋ, ನಲವತ್ತು ವರ್ಷ ಆ ದನಿ ಕೇಳಿ ಹಾಲು ಕುಡಿದು ಸತ್ತವನು ನಾನು. ನೀನು ನಿಜ ಹೇಳುವಾಗ ಬೈಯುತ್ತೀ. ತಾಯೀ ಎಂದರೆ, ಬಂಗಾರ ಎಂದರೆ, ಬಟ್ಟಲಿನಲ್ಲಿ ವಿಷ ಇದೆ ಎಂದೇ ಅರ್ಥ. ನೀನು ಹೇಳಿದ್ದನ್ನೆಲ್ಲಾ ತಿರುಗಿಸಿದೆ. ನೀರು ಹಾಕು ಎಂದೆ, ಒಂದು ತೊಟ್ಟೂ ಹಾಕಲಿಲ್ಲ. ಮುಚ್ಚಿಡು ಎಂದೆ, ತೆರೆದ ಕಿಟಕಿಯಲ್ಲಿ ತೂಗಿಸಿದೆ. ಒಲೆಯ ಬಳಿ ಎಂದೆ, ಒಲೆ ಇಲ್ಲದ ಕೋಣೆಗೆ ಸಾಗಿಸಿದೆ. ಎಲೆಯೆಲ್ಲಾ ಹೋಯಿತು. ಗೆಡ್ಡೆ ಸುಕ್ಕಾಗಿದೆ, ಆದರೆ ಗಟ್ಟಿಯಾಗಿದೆ. ದಿನಾ ಒತ್ತಿ ನೋಡುತ್ತೇನೆ. ನಾನೂ ಹಾಗೇ ಇದ್ದೇನೆ. ಊಟ ಮಾಡುತ್ತಿದ್ದೇನೆ.

ಇನ್ನೊಂದು ಮಾತು. ನನ್ನ ಪಾಪದ ಸಾಲು ಸೇರಿಸುತ್ತೇನೆ ಎಂದು ಹೆದರಿಸಿದ್ದೆಯಲ್ಲ, ಅದನ್ನು ಯೋಚಿಸಿದೆ. ನೀನು ಕೂಗುತ್ತೀ, ಸಭೆ ‘ಪಾಪ’ ಎನ್ನುತ್ತದೆ, ಕೊನೆಗೆ ಎಲ್ಲವೂ ಕಳೆಯಲಿ ಎಂದು ನೀನೇ ಬೇಡುತ್ತೀ. ಕೂಗಿದ ಪಾಪ ಕಳೆಯುತ್ತದೆ. ಕೂಗದೆ ಉಳಿದದ್ದು ಮಾತ್ರ ಹೊತ್ತುಕೊಂಡು ಹೋಗಬೇಕು. ಹಾಗಾದರೆ ಕೂಗು ಧರ್ಮಾ, ದಯವಿಟ್ಟು ಕೂಗು. ನಿನ್ನ ಬಾಯಿಂದಲೇ ನನ್ನನ್ನು ಬಿಡಿಸು. ನನ್ನ ಸೇಡು ಇದೇ.

(ಮಾಮ ನಕ್ಕು ಕೆಮ್ಮಿದರು. ಬಹಳ ಹೊತ್ತು ಕೆಮ್ಮಿದರು. ಅದನ್ನು ಬರೆಯಬೇಡ ಎಂದರು.)

ಗಿರಿಧರನ್


ಕೂನೂರು
10 ಫೆಬ್ರವರಿ 2025

ಅಕ್ಕಾ,

ಎದೆಗೆ ಬಟ್ಟೆ ಸುತ್ತಿಕೊಳ್ಳಲಿಲ್ಲ. ಕಫ ಕಟ್ಟಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ನಿನಗೆ ಹೇಳಬೇಡವೆಂದು ನಾನೇ ಹೇಳಿದ್ದೆ. ಈಗ ಮನೆಯಲ್ಲಿದ್ದೇನೆ.

ಕೋಣೆಯ ಬೀಗದ ಕೈ ರಾಜಾಮಣಿಯ ಹತ್ತಿರ ಇತ್ತು. ಬಂದು ಬಾಗಿಲು ತೆರೆದೆ. ಕಿಟಕಿಯಲ್ಲಿ ತಂತಿ ಇದೆ, ತೊಗಟೆ ಇಲ್ಲ. ನೋಡಿದರೆ ಸ್ಟೌ ಪಕ್ಕದಲ್ಲಿ, ಉಪ್ಪಿನಕಾಯಿ ಭರಣಿಯೊಳಗೆ, ಬಾಯಿಗೆ ಬಟ್ಟೆ ಬಿಗಿದು ಇಟ್ಟಿದೆ. ಗಾಜಿನ ತುಂಬಾ ಬೆವರು. ಕೈ ಹಾಕಿದೆ. ಗೆಡ್ಡೆಗಳು ಬೆರಳಿಗೆ ಅಂಟಿಕೊಂಡು ಬಂದವು. ಒತ್ತಿ ನೋಡುವುದೇ ಬೇಕಿರಲಿಲ್ಲ.

‘ಏನಯ್ಯಾ ಇದು?’ ಎಂದೆ.

‘ಏನಣ್ಣಾ, ಒಂದು ಹೊತ್ತೂ ತಪ್ಪಿಸಿಲ್ಲ’ ಎಂದ. ಹೆಮ್ಮೆಯಿಂದ ಎಂದ ಅಕ್ಕಾ! ‘ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಹಾಲಿನ ಪಾತ್ರೆ ತೊಳೆದ ನೀರೇ ಹಾಕಿದ್ದೀನಿ. ಅವತ್ತು ನೀವೇ ನಾಲ್ಕು ಸಲ ಗಟ್ಟಿಯಾಗಿ ಹೇಳ್ತಿದ್ದಿರಲ್ಲ, ಈ ಗೋಡೆಯಾಚೆ ಕೂತು ಕೇಳಿಸಿಕೊಂಡೆ. ಬಾಯಿಪಾಠ ಆಗಿಬಿಟ್ಟಿತ್ತು.’

ಬೈಯಲು ಬಾಯಿ ತೆರೆದೆ. ಅವನು ಬಿಸಿನೀರು ಕಾಸಿ ಕೊಟ್ಟ, ಕುಡಿದೆ.

ಇದನ್ನು ಯಾರಿಗೂ ಹೇಳಬೇಡ. ಇತ್ತಲಾರಿನವರಿಗಂತೂ ಹೇಳಲೇಬೇಡ. ನನ್ನ ಅರ್ಧ ಸತ್ತಿತು, ಅವನು ಕದ್ದ ಅರ್ಧ ಬದುಕಿದೆ ಎಂದು ಅವನಿಗೆ ತಿಳಿದರೆ ಅವನು ನಗುವ ನಗೆಯನ್ನು ನಾನು ತಡೆಯಲಾರೆ. ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಎರಡರಷ್ಟಾಗಿದೆ. ಯಾರ ಮೇಲೆ ಎಂದು ಮಾತ್ರ ಸರಿಯಾಗಿ ಗೊತ್ತಾಗುತ್ತಿಲ್ಲ.

ತಮ್ಮ
ಧರ್ಮಲಿಂಗಂ


ಇತ್ತಲಾರ್
23 ಏಪ್ರಿಲ್ 2025, ಮಧ್ಯಾಹ್ನ

ದೊಡ್ಡ ಮಾಮ,

ಮಾಮ ಈ ಬೆಳಿಗ್ಗೆ ಏಳು ಗಂಟೆಗೆ ಹೋದರು. ಕಾಫಿ ಕುಡಿದು ಲೋಟ ಕೆಳಗಿಟ್ಟರು, ಅಷ್ಟೇ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಎತ್ತುತ್ತಾರೆ. ಫೋನು ಮಾಡೋಣ ಎಂದರು ನನ್ನ ಯಜಮಾನರು. ಬೇಡ, ದೊಡ್ಡ ಮಾಮನಿಗೆ ಪತ್ರವೇ ಹೋಗಬೇಕು ಎಂದೆ. ಅವರೇ ಇದನ್ನು ಕಾರಿನಲ್ಲಿ ತರುತ್ತಿದ್ದಾರೆ. ಅವರ ಜೊತೆಯಲ್ಲೇ ಬಂದುಬಿಡಿ. ಪಾಪ ಹೇಳುವವರು ನೀವೇ ಆಗಬೇಕೆಂದು ಮಾಮ ಎಲ್ಲರಿಗೂ ಹೇಳಿಹೋಗಿದ್ದಾರೆ.

ಗುಂಡಿಗಿಡಕ್ಕೆ ಕಳೆದ ವಾರ ಹಸಿರು ಮೊಳಕೆ ಬಂತು. ಸಾಸಿವೆ ಕಾಳಿನಷ್ಟು. ಮಾಮ ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಬ್ಲೇಡು ತರಿಸಿ ತೊಗಟೆಯನ್ನು ಎರಡು ಮಾಡಿಸಿದರು. ನಿಮ್ಮ ಗಿಡ ಹೋದದ್ದು ಅವರಿಗೆ ಗೊತ್ತಿತ್ತು. ಕಾಳಿಯಮ್ಮತ್ತೆ ನೋಡಲು ಬಂದಾಗ ಹೇಳಿಬಿಟ್ಟಿದ್ದರು. ನಗಲಿಲ್ಲ ಮಾಮ. ನಗುತ್ತಾರೆ ಎಂದು ನಾವೆಲ್ಲಾ ಕಾದೆವು.

ಒಂದು ತುಂಡನ್ನು ಒಳಗೆ ತೂಗಿಸಿದರು. ಇನ್ನೊಂದನ್ನು ಹೊರಗಿನ ಕಿಟಕಿಯ ಕಂಬಿಗೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: ‘ಅದು ಧರ್ಮನದ್ದು ಕೂಸೇ. ಆದರೆ ಕೈಯೆತ್ತಿ ಕೊಡಬೇಡ. ಕೊಟ್ಟರೆ ನನ್ನನ್ನ ಕ್ಷಮಿಸಿಬಿಡ್ತಾನೆ, ಕ್ಷಮಿಸಿದೆ ಅಂತ ಊರೂರಿಗೆ ಹೇಳ್ಕೊಂಡು ತಿರುಗ್ತಾನೆ. ಬೇಕಿದ್ರೆ ಬಂದು ಕದೀಲಿ. ನೀವ್ಯಾರೂ ಆ ಕಡೆ ನೋಡಬೇಡಿ.’

ಬನ್ನಿ ದೊಡ್ಡ ಮಾಮ.

ನಿವೇತಾ


ಕೂನೂರು
23 ಏಪ್ರಿಲ್ 2025, ಸಂಜೆ ಐದು ಗಂಟೆ

ನಿವೇತಾ, ಈ ಪತ್ರ ಸಭೆಗಲ್ಲ. ಜಗುಲಿಯಲ್ಲಿ ಓದಬೇಡ. ಅವನ ಕಿವಿಯ ಹತ್ತಿರ ಕೂತು ಮೆಲ್ಲಗೆ ಓದು. ಅವನೊಬ್ಬನಿಗೇ.

ಗಿರೀ,

ನಿನ್ನ ಮಗ ಬಾಗಿಲಲ್ಲಿ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ, ‘ಹತ್ತಿ ದೊಡ್ಡಪ್ಪಾ, ಹೋಗೋಣ’ ಅನ್ನುತ್ತಾನೆ. ಬರುವುದಿಲ್ಲ ಎಂದೆ. ಕದಿಯಲು ಬರುವವನು ಮನೆಯವರ ಕಾರಿನಲ್ಲಿ ಬಂದರೆ ಏನು ಚೆಂದ? ಪತ್ರ ಅವನ ಕೈಯಲ್ಲಿ ಕೊಡುತ್ತೇನೆ.

ಈ ಪತ್ರವನ್ನು ಬಾಯಲ್ಲಿ ಹೇಳದೆ ಬರೆಯುತ್ತಿದ್ದೇನೆ. ರಾಜಾಮಣಿ ಎರಡು ಸಲ ಬಂದು ಮೈ ಹುಷಾರಿದೆಯೇ ಎಂದು ಕೇಳಿ ಹೋದ.

ನೀನು ನನ್ನನ್ನು ಚೆನ್ನಾಗಿ ಕಟ್ಟಿಹಾಕಿದೆ ಕಣೋ. ಸಾಲು ಕೂಗಿದರೆ ನಿನಗೆ ಬಿಡುಗಡೆ. ಕೂಗದಿದ್ದರೆ ನಾನು ಆಣೆ ತಪ್ಪಿದವನು. ಹತ್ತು ತಿಂಗಳು ಆ ಸಾಲನ್ನು ತಿದ್ದಿ ತೀಡಿ ಇಟ್ಟಿದ್ದೆ. ‘ಅವನದೇ ಬ್ಲೇಡಿನಲ್ಲಿ’ ಎಂಬ ಕಡೆ ದನಿ ಎಷ್ಟು ಇಳಿಸಬೇಕು, ‘ಕದ್ದ’ ಎಂಬ ಕಡೆ ಎಷ್ಟು ಏರಿಸಬೇಕು, ಎಲ್ಲಾ ಅಭ್ಯಾಸವಾಗಿತ್ತು. ನೀನು ಕೇಳಿದ್ದರೆ ನೀನೇ ಚಪ್ಪಾಳೆ ತಟ್ಟುತ್ತಿದ್ದೆ.

ನನ್ನ ಪಾಪವೂ ಒಂದಿದೆ. ಮಲಗಿದ ಗಿಡಕ್ಕೆ ನೀರು ಹಾಕಿಸಿದ ಪಾಪ. ಅದು ಯಾವ ಪಟ್ಟಿಯಲ್ಲೂ ಇಲ್ಲ. ನಾನು ಮಲಗಿದ ದಿನ ಅದನ್ನು ಕೂಗಬಲ್ಲವನು ನೀನೊಬ್ಬನಿದ್ದೆ. ನೀನು ಮೊದಲು ಮಲಗಿಬಿಟ್ಟೆ. ಮೂರನೇ ಅಂಕದ ಚಾಳಿ.

ಕೇಳು. ನಿನ್ನನ್ನು ಕ್ಷಮಿಸುವುದಿಲ್ಲ. ನೀನು ಹಗುರವಾಗಿ ಹೋಗಲು ನಾನು ಬಿಡುವುದಿಲ್ಲ. ಹಾವಿನ ಪಾಪ, ಹಲ್ಲಿಯ ಪಾಪ, ಗಡಿಕಲ್ಲಿನ ಪಾಪ ಎಲ್ಲವನ್ನೂ ಕಳೆಸಿಕೊಡುತ್ತೇನೆ, ಅವು ಯಾವುವೂ ನೀನು ಮಾಡಿದ್ದಲ್ಲ. ನೀನು ಮಾಡಿದ್ದು ಒಂದೇ. ಅದೊಂದನ್ನು ಹೊತ್ತುಕೊಂಡು ಹೋಗು. ಅಲ್ಲಿ ಕೂತು ಕಾಯು. ನಾನೂ ನನ್ನದನ್ನು ಹೊತ್ತುಕೊಂಡೇ ಬರುತ್ತೇನೆ. ಆಗ ನೋಡಿಕೊಳ್ಳೋಣ.

ನಾಳೆ ಬೆಳಿಗ್ಗೆ ಐದೂಮುಕ್ಕಾಲಿನ ಬಸ್ಸು ಹತ್ತುತ್ತೇನೆ. ಊಟಿಯಲ್ಲಿ ಇಳಿದು ಮಂಜೂರು ಬಸ್ಸು ಹಿಡಿದು ನಿನ್ನ ಮನೆಯ ಹಿಂದಿನ ದಾರಿಯಿಂದ ಬರುತ್ತೇನೆ. ರಾಜನ ಪಾತ್ರದ ಹಳೆಯ ಕರಿ ಕೋಟು ಹಾಕಿರುತ್ತೇನೆ, ಅದಕ್ಕೆ ಒಳಜೇಬಿದೆ. ಹೊರಗಿನ ಕಿಟಕಿಯ ಹತ್ತಿರ ನಿಂತು, ಹಟ್ಟಿಯೆಲ್ಲಾ ಬೇರೆ ಕಡೆ ನೋಡುತ್ತಿರುವಾಗ, ಕದಿಯುತ್ತೇನೆ. ಅದನ್ನು ಜೇಬಿನಲ್ಲಿಟ್ಟುಕೊಂಡೇ ನಿನ್ನ ತಲೆಯ ಹತ್ತಿರ ನಿಂತು ಪಟ್ಟಿ ಶುರು ಮಾಡುತ್ತೇನೆ. ಗಡಿಕಲ್ಲಿನ ಪಾಪ ಮುಗಿಯುತ್ತಲೇ ಉಸಿರೆಳೆದು ನಿಲ್ಲಿಸುತ್ತೇನೆ. ಸಭೆ ಕಾಯುತ್ತದೆ. ನೀನೂ ಕಾಯುತ್ತಿರುತ್ತೀ, ಕಣ್ಣು ಮುಚ್ಚಿ, ಅಲ್ಲಾಡದೆ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿರುತ್ತೇನೆ. ಆಮೇಲೆ ಕೋಟಿನ ಮೇಲೆ ಕೈಯಿಟ್ಟುಕೊಂಡು, ಹಳೆಯ ಪಟ್ಟಿಯ ಮುಂದಿನ ಸಾಲು, ಅತ್ತಿಗೆಯ ಪಾಪ, ಹೇಳುತ್ತೇನೆ.

ಧರ್ಮ